ಖರ್ಜೂರದ ಮೂಟೆಯ ಗಂಟು

"ಕೇಳ್ರಪ್ಪೋ ಕೇಳಿ! ಶಂಖಪಟ್ಟಣದ ದೊರೆ ಬೊಪ್ಪರಸರು ಮೂರು ಒಗಟು ಕೇಳುತ್ತಾರೆ. ಬಿಡಿಸಿದವನಿಗೆ ಬಂದರದ ಸುಂಕದಲ್ಲಿ ಅರ್ಧ ಪಾಲು. ತಪ್ಪಿದವನ ತಲೆ ಮಹಾಲಯ ಅಮಾವಾಸ್ಯೆಯ ಮರುದಿನ ಉರುಳುತ್ತದೆ!"

ಡಂಗುರದವನು ಹದಿನೈದು ದಿನ ಇದನ್ನೇ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದ. ಕೇಳುವವರ ಕಿವಿಯೂ ದಣಿದಿತ್ತು. ಹಣವೆಂದರೆ ಹೆಣವೂ ಬಾಯಿ ಬಿಡುತ್ತದಂತೆ, ಇನ್ನು ಬದುಕಿದವರ ಮಾತೇನು? ಹನ್ನೊಂದು ಮಂದಿ ಆಗಲೇ ಸೆರೆಮನೆ ಸೇರಿದ್ದರು. ಅಮಾವಾಸ್ಯೆಗೆ ಒಂದೇ ದಿನ ಉಳಿದಿತ್ತು.

ಹೇರೆತ್ತಿನ ಮಾಚನಿಗೆ ಸುಂಕ ಬೇಕಿರಲಿಲ್ಲ. ಬಂದರದ ಸರಕನ್ನು ಎತ್ತುಗಳ ಮೇಲೆ ಹೇರಿ ಘಟ್ಟ ಹತ್ತಿಸುವುದು ಅವನ ಕಸುಬು. ಹತ್ತಿ ಇಳಿದು, ಇಳಿದು ಹತ್ತಿ, ಮೂವತ್ತಕ್ಕೇ ಮಂಡಿ ಸವೆದಿತ್ತು. ಆ ಬೆಳಿಗ್ಗೆ, ಮಳೆಗಾಲ ಕಳೆದ ಮೇಲೆ ಅರಬ್ಬರ ನಾಡಿನಿಂದ ಬಂದ ಮೊದಲ ಹಡಗಿನ ಖರ್ಜೂರದ ಮೂಟೆಗೆ ಕೈ ಹಾಕಿದವನು ಹಾಗೆಯೇ ನಿಂತುಬಿಟ್ಟ.

ಹಡಗಿನವರ ಗಂಟನ್ನು ಚೂರಿಯಿಂದಲೇ ಕೊಯ್ಯಬೇಕು. ಇದು ಅಂಥದ್ದಲ್ಲ, ಘಟ್ಟದ ಗಂಟು. ಇಳಿಜಾರಿನಲ್ಲಿ ಎತ್ತು ಜಾರಿದರೆ ಒಂದೇ ಎಳೆತಕ್ಕೆ ಹೇರು ಕಳಚಿ ಎತ್ತು ಉಳಿಯಬೇಕು, ಅದಕ್ಕಾಗಿ ಮಾಚನ ಕಡೆಯವರು ಹಾಕುವ ಗಂಟು. ಅದೂ ಎಡಗೈಯಲ್ಲಿ ಹಾಕಿದ್ದು. ಎಡಚನೊಬ್ಬನಿಗೆ ಅದನ್ನು ಕಲಿಸಿದವನು ಸ್ವತಃ ಮಾಚನೇ.

ಹನ್ನೆರಡು ವರ್ಷಗಳ ಹಿಂದೆ ದೊರೆ ತುಂಬಿದ ಸಭೆಯಲ್ಲಿ ಮಗ ಕೇತರಸನನ್ನು, "ಮೂಟೆ ಹೊರಲೂ ಬಾರದವನು" ಎಂದು ಹಂಗಿಸಿದ್ದ. ಆ ಎಡಚ ಹುಡುಗ ಅರಮನೆ ಬಿಟ್ಟು ಒಂದು ತಿಂಗಳು ಹೇರಿನವರ ಜೊತೆ ನಡೆದ. ಆಮೇಲೆ ಯಾವುದೋ ಹಡಗು ಹತ್ತಿ ಹೋದವನು ಹೋದ. ಹನ್ನೆರಡು ವರ್ಷ ಸುದ್ದಿಯಿಲ್ಲದವನು ಸತ್ತನೆಂದೇ ಲೆಕ್ಕ. ನಾಳೆ ಅಮಾವಾಸ್ಯೆಗೆ ಅರಮನೆಯವರು ಅವನಿಗೆ ಎಡೆ ಇಡುವವರಿದ್ದರು.

ಬದುಕಿರುವವನಿಗೆ ಸತ್ತವರ ಎಡೆಯೇ? ಮಾಚ ಮೂಟೆ ಹೊತ್ತು ಅರಮನೆಗೆ ನಡೆದ.

"ಒಗಟು ಬಿಡಿಸುವವರನ್ನು ಬಿಟ್ಟು ಯಾರನ್ನೂ ಬಿಡಬಾರದು ಅಂತ ಅಪ್ಪಣೆ," ಎಂದ ಬಾಗಿಲಿನವನು.

ಮಾಚ ಕತ್ತು ಸವರಿಕೊಂಡ. ಭಯವಾಯಿತು. ತಿರುಗಿ ಹೋಗೋಣವೆಂದರೆ ಮೂಟೆ ಹೊತ್ತು ಮತ್ತೆ ಅಷ್ಟು ದೂರ ನಡೆಯಬೇಕು. "ಹಂಗಾದ್ರೆ ಬಿಡಿಸ್ತೀನಿ ಬಿಡಣ್ಣ," ಎಂದ.

ಒಳಗೆ ದಾಮೋದರ ಜೋಯಿಸ ಮತ್ತು ನಾಗಿಸೆಟ್ಟಿ ಆಗಲೇ ನಿಂತಿದ್ದರು. ಮೂಟೆ ನೋಡಿ ಸೆಟ್ಟಿ ನಕ್ಕ. ದೊರೆ ನಗಲಿಲ್ಲ. ನಿದ್ದೆಗೆಟ್ಟ ಕಣ್ಣುಗಳಿಂದ ಎಲ್ಲರನ್ನೂ ನೋಡಿ ಮೊದಲನೆಯದನ್ನು ಕೇಳಿದ.

"ಅರ್ಧ ವರ್ಷ ಕರೆದುಕೊಂಡು ಹೋಗುತ್ತಾನೆ, ಅರ್ಧ ವರ್ಷ ಕರೆದುಕೊಂಡು ಬರುತ್ತಾನೆ. ಕೂಲಿ ಕೇಳಿದವನಲ್ಲ, ಮುಖ ತೋರಿದವನಲ್ಲ. ಯಾರು?"

"ಸೂರ್ಯ! ಉತ್ತರಾಯಣ, ದಕ್ಷಿಣಾಯನ," ಎಂದ ಜೋಯಿಸ.

"ದಿನಾ ಮುಖ ತೋರುವವನಲ್ಲವೇ ಅವನು?" ದೊರೆ ಕೈ ಆಡಿಸಿದ. ಜೋಯಿಸನನ್ನು ಕರೆದೊಯ್ದರು.

"ಗಾಳಿ, ಸ್ವಾಮಿ," ಎಂದ ಮಾಚ. "ಹಡಗು ಕಳಿಸೋದೂ ಅದೇ, ತರೋದೂ ಅದೇ."

"ನಾನೂ ಅದನ್ನೇ ಹೇಳುವವನಿದ್ದೆ," ಎಂದ ಸೆಟ್ಟಿ.

"ಹಾಗಾದರೆ ಇದನ್ನು ನೀನೇ ಮೊದಲು ಹೇಳು. ಬೆನ್ನ ಮೇಲೆ ಏಳು ನಾಡಿನ ರುಚಿ, ನಾಲಿಗೆಗೆ ಒಂದೂ ತಿಳಿಯದು. ಒಮ್ಮೆ ಮಲಗಿದರೆ ಎಬ್ಬಿಸಲು ನಾಲ್ಕು ಜನ ಬೇಕು."

ಸೆಟ್ಟಿ ಬೆವರಿದ. "ಸೌಟು," ಎಂದ. ಸೌಟನ್ನು ನಾಲ್ಕು ಜನ ಎಬ್ಬಿಸುವ ಅಡುಗೆಮನೆ ಯಾವುದೋ! ಅವನನ್ನೂ ಕರೆದೊಯ್ದರು.

"ನನ್ನ ಎತ್ತು, ಸ್ವಾಮಿ," ಎಂದ ಮಾಚ. "ಮೆಣಸು, ಏಲಕ್ಕಿ, ಖರ್ಜೂರ ಎಲ್ಲಾ ಹೊರುತ್ತೆ, ತಿನ್ನೋದು ಒಣಹುಲ್ಲು. ನಾನು ಅಂದ್ರೂ ತಪ್ಪಿಲ್ಲ."

ಸಭೆಯಲ್ಲಿ ಅವನೊಬ್ಬನೇ ಉಳಿದ. ದೊರೆಯ ದನಿ ಕುಗ್ಗಿತು. "ಹೋದವನು ಬಂದಿಲ್ಲ, ಸತ್ತ ಸುದ್ದಿಯೂ ಇಲ್ಲ. ಅವನಿಗೆ ಎಡೆ ಇಡಲೋ, ಊಟದ ಎಲೆ ಹಾಕಲೋ?"

ಹನ್ನೊಂದು ಮಂದಿಯೂ ಸೋತದ್ದು ಇಲ್ಲೇ. ಕೆಲವರು ಎಡೆ ಎಂದಿದ್ದರು, ಕೆಲವರು ಎಲೆ ಎಂದಿದ್ದರು. ಗುರುತು ತೋರಿಸಿದವರು ಯಾರೂ ಇರಲಿಲ್ಲ. ಇದು ಒಗಟಲ್ಲ, ಅಪ್ಪನೊಬ್ಬನ ಸಂಕಟ ಎಂದು ಮಾಚನಿಗೆ ಹೊಳೆಯಿತು. ಪಾಪ ಎನಿಸಿತು.

"ಎಲೆ ಹಾಕಿ, ಸ್ವಾಮಿ."

"ಗುರುತು?"

ಮಾಚ ಮೂಟೆಯನ್ನು ಸಿಂಹಾಸನದ ಮುಂದೆ ಇಳಿಸಿದ. ಗಂಟು ತೋರಿಸಿದ, ಅದರ ಕತೆ ಹೇಳಿದ. "ಖರ್ಜೂರ ಈ ಸಲದ್ದು, ಹಗ್ಗ ಹೊಸದು. ಕಟ್ಟಿ ಎರಡು ತಿಂಗಳೂ ಆಗಿಲ್ಲ."

"ಲೋಕದಲ್ಲಿ ಬೇರೆ ಎಡಚರಿಲ್ಲವೇ?"

"ಬೇಕಾದಷ್ಟಿದ್ದಾರೆ. ನಮ್ಮ ಜೊತೆ ಘಟ್ಟ ಹತ್ತಿ, ಆಮೇಲೆ ಹಡಗು ಹತ್ತಿದ ಎಡಚ ಒಬ್ಬನೇ."

ದೊರೆ ಗಂಟಿನ ಮೇಲೆ ಬೆರಳಿಟ್ಟ. "ಏನು ಮಾಡುತ್ತಿದ್ದಾನೆ ಅಲ್ಲಿ?"

"ಮೂಟೆ ಕಟ್ತಿದ್ದಾನೆ, ಸ್ವಾಮಿ. ಚೆನ್ನಾಗಿ ಕಟ್ತಿದ್ದಾನೆ."

ಬೊಪ್ಪರಸ ಸಭೆಯೆದುರೇ ಅತ್ತ. ಕಣ್ಣೊರೆಸಿಕೊಂಡು, "ಅರ್ಧ ಸುಂಕ ನಿನ್ನದು," ಎಂದ.

"ಅದನ್ನ ಹೊರೋರು ಯಾರು? ಘಟ್ಟದ ತಲೇಲಿ ಹೇರು ಇಳಿಸೋಕೆ ಒಂದು ಕಲ್ಲುಕಟ್ಟೆ, ಎತ್ತಿಗೊಂದು ಬಾವಿ ಕೊಡಿ. ಸೆರೇಲಿರೋ ಹದಿಮೂರು ಜನಾನ ಬಿಟ್ಟುಬಿಡಿ, ಅವರಿಗೂ ಅಪ್ಪಂದಿರಿದ್ದಾರೆ. ಈಗ ಕೂರೋಕೆ ಹೇಳಿ ಸ್ವಾಮಿ, ಬೆಳಿಗ್ಗೆಯಿಂದ ನಿಂತಿದ್ದೀನಿ."

ದೊರೆ ಎಲ್ಲಕ್ಕೂ ಒಪ್ಪಿ, ತಾನೂ ಕೆಳಗಿಳಿದು ಅವನ ಪಕ್ಕದಲ್ಲೇ ನೆಲಕ್ಕೆ ಕೂತ. "ಆ ಗಂಟು ನನಗೂ ಕಲಿಸು," ಎಂದ. ಮೂರು ಸಲ ತಪ್ಪಿತು. ನಾಲ್ಕನೆಯ ಸಲ, ಬಂದರದಿಂದ ತರಿಸಿದ ಒಂದು ಮೆಣಸಿನ ಮೂಟೆ ಹೇಗೋ ಕಟ್ಟಿ ಮುಗಿಯಿತು. ಮರಳುವ ಹಡಗಿನಲ್ಲಿ ಅದು ಖರ್ಜೂರ ಬಂದ ಊರಿಗೇ ಹೋಗಬೇಕಿತ್ತು.

"ನಾನು ಕಟ್ಟಿದ್ದೆಂದು ಅವನಿಗೆ ತಿಳಿದೀತೇ?"

"ತಿಳೀದೇ ಏನು! ಹೇರಿನವರು ಯಾರೂ ಇಷ್ಟು ಕೆಟ್ಟದಾಗಿ ಕಟ್ಟಲ್ಲ."

ಹನ್ನೆರಡು ವರ್ಷದಲ್ಲಿ ದೊರೆ ನಕ್ಕದ್ದು ಅಂದೇ. ಅಮಾವಾಸ್ಯೆಯ ದಿನ ಅರಮನೆಯಲ್ಲಿ ಒಂದು ಎಲೆ ಹೆಚ್ಚು ಹಾಕಿದರು.

ಮರುವರ್ಷ ಗಾಳಿ ತಿರುಗಿ ಮೊದಲ ಹಡಗು ಬಂತು. ಆಳುಗಳ ಸಾಲಿನಲ್ಲಿ ಬಿಸಿಲಿಗೆ ಕಂದಿದವನೊಬ್ಬ ಹೆಗಲ ಮೇಲಿನ ಮೂಟೆಯನ್ನು ಎಡಗೈಯಲ್ಲಿ ಹಿಡಿದು ಇಳಿದ. ಬೊಪ್ಪರಸ ಮೊಣಕಾಲುದ್ದ ನೀರಿಗಿಳಿದು ಹೋಗಿ, ಆ ಮೂಟೆಯನ್ನು ತನ್ನ ಹೆಗಲಿಗೆ ಇಳಿಸಿಕೊಂಡ.