ಪೊನ್ನವ್ವನ ಕೈಗೆ ಒಗ್ಗಿದ ರಿವಾಲ್ವರ್

ಕೌಬಾಯ್ ಶೈಲಿಯ ಗುಂಡು ಹೊಡೆಯುವ ಸ್ಪರ್ಧೆಗೆ ರಿವಾಲ್ವರ್ ಕೊಳ್ಳಲು ಪೊನ್ನವ್ವ ಕೋವಿ ಅಂಗಡಿಗೆ ಬಂದಳು. ಪ್ರತಿ ಗುಂಡಿಗೂ ಹಿಂಬದಿಯ ಸುತ್ತಿಗೆಯಂಥ ಕೀಲನ್ನು ಹೆಬ್ಬೆರಳಿನಿಂದ ಎಳೆಯಬೇಕಾದ ಹಳೇ ಮಾದರಿಯದೇ ಅವಳಿಗೆ ಬೇಕಿತ್ತು. ಬೆಳ್ಳಿ ಕೆತ್ತನೆಯದನ್ನು ಮೊದಲು ಎತ್ತಿಕೊಂಡಳು. ಹೆಬ್ಬೆರಳು ಕೀಲಿನವರೆಗೆ ಎಟುಕಲೇ ಇಲ್ಲ.

"ನಿನ್ನ ಕೈ ಚಿಕ್ಕದು. ಈ ಆಟ ನಿನ್ನದಲ್ಲ," ಎಂದಿತು ಬೆಳ್ಳಿ ರಿವಾಲ್ವರ್.

ಪಕ್ಕದಲ್ಲಿದ್ದ ಸಾದಾ ಕಪ್ಪು ರಿವಾಲ್ವರ್ ಸಿಡುಕಿತು: "ಅವರ ಕೈಯನ್ನು ದೂರಬೇಡ. ಕೈಗೆ ಒಗ್ಗಬೇಕಾದವರು ನಾವು!"

ಪೊನ್ನವ್ವ ಕಪ್ಪು ರಿವಾಲ್ವರನ್ನು ಹಿಡಿದು ನೋಡಿದಳು. ಕೀಲು ಸಲೀಸಾಗಿ ಹಿಂದೆ ಸರಿದು ಕಟಕ್ಕೆಂದಿತು.

"ಇಷ್ಟು ಸಾದಾದನ್ನು ಸ್ಪರ್ಧೆಗೆ ಹಿಡಿದುಕೊಂಡು ಹೋದರೆ ಎಲ್ಲರೂ ನಗ್ತಾರೆ, ಅಕ್ಕ," ಎಂದ ಅಂಗಡಿಯವನು.

"ನಗಲಿ ಬಿಡಿ. ಗುಂಡು ಹೊಡೆಯುವವಳು ನಾನು," ಎಂದು ಪೊನ್ನವ್ವ ಬೆಳ್ಳಿಯದನ್ನು ಅವನ ಕಡೆಗೇ ತಳ್ಳಿದಳು.