ಹಲ್ಲಿಯ ಸಾಕ್ಷಿ

"ಎದುರು ಗೋಡೆಯ ಇರುವೆಗಳು ಬೆಂಕಿಕಡ್ಡಿಯ ಮದ್ದು ಕೂಡಿಡುತ್ತಿವೆ, ತಾಯಿ. ಕೆಂಪಗೆ, ದುಂಡಗಿತ್ತು," ಎಂದಿತು ಗೂಢಚಾರ ಇರುವೆ.

"ಬಿಲದೊಳಗೆ ಹೋಗಿ ನೋಡಿದೆಯಾ?" ರಾಣಿ ಕೇಳಿದಳು.

"ಹೆದರಿಕೆಯಾಯಿತು. ಬಾಗಿಲಿನಿಂದಲೇ ಕಂಡೆ."

ಆಗ ಮೇಲೆ ಹಲ್ಲಿ ಲೊಚಗುಟ್ಟಿತು.

"ಹಲ್ಲಿ ನುಡಿಯಿತು. ಮಾತು ಸತ್ಯ!" ಎಂದಳು ರಾಣಿ.

"ಅದು ಹಸಿದಾಗಲೂ ಲೊಚಗುಟ್ಟುತ್ತದೆ, ತಾಯಿ," ಎಂದಿತು ಮುದಿ ಇರುವೆ.

"ಮದ್ದು ಹೊತ್ತಿಕೊಂಡರೆ ಮೊದಲು ಸುಡುವುದು ನಿನ್ನ ಮೀಸೆಯೇ, ಅಜ್ಜ," ಎಂದು ಸೈನಿಕ ಇರುವೆಗಳು ನಕ್ಕವು.

ರಾಣಿಯ ಸೈನ್ಯ ದಾಳಿಯಿಟ್ಟಿತು. ಸಂಜೆಯೊಳಗೆ ಎದುರು ಬಿಲದಲ್ಲಿ ಒಂದು ಮೊಟ್ಟೆಯೂ ಉಳಿಯಲಿಲ್ಲ. ಮೂಲೆಮೂಲೆ ಕೆದಕಿದರೂ ಸಿಕ್ಕಿದ್ದು ಹಿಡಿಯಷ್ಟು ರಾಗಿ ಮಾತ್ರ. ಅರ್ಧ ಸೈನ್ಯ ದಾರಿಯಲ್ಲೇ ಹಲ್ಲಿಯ ಬಾಯಿಗೆ ಹೋಗಿತ್ತು.

ರಾಣಿ ಒಂದು ಕಾಳನ್ನು ಹೊರಳಿಸಿ ನೋಡಿದಳು. ಕೆಂಪಗೆ, ದುಂಡಗಿತ್ತು.

"ಹಾಗಾದರೆ ಮದ್ದನ್ನು ಪಕ್ಕದ ಗೋಡೆಗೆ ಸಾಗಿಸಿಬಿಟ್ಟಿವೆ," ಎಂದಳು.

ಹಲ್ಲಿ ಮತ್ತೆ ಲೊಚಗುಟ್ಟಿತು.