ಒಂದು ಚಾಪೆ ಕಡಿಮೆ

ಶಿಬಿರಕ್ಕೆ ಇನ್ನು ಒಂಬತ್ತು ದಿನ ಇದೆ ಎನ್ನುವಾಗ ಆಶ್ರಮದಲ್ಲಿ ಒಂದು ಚಾಪೆ ಕಡಿಮೆ ಇರುವ ಸಂಗತಿ ಬೆಳಕಿಗೆ ಬಂತು.

ಸುದ್ದಿ ಉಗ್ರಾಣದಿಂದ ಅಡಿಗೆಮನೆಗೆ, ಅಡಿಗೆಮನೆಯಿಂದ ದನದ ಕೊಟ್ಟಿಗೆಗೆ ಹಬ್ಬಿತು. ದನಗಳೂ ಸೇರಿದಂತೆ ಎಲ್ಲರೂ ತಮ್ಮ ತಮ್ಮ ಕೆಲಸ ಮುಂದುವರಿಸಿದರು. ಶಿಬಿರದ ಹೊಣೆ ಹೊತ್ತ ಚನ್ನವೀರನೊಬ್ಬನಿಗೆ ಅದು ಸಾಧ್ಯವಾಗಲಿಲ್ಲ.

ಅವನು ಚಾಪೆಗಳನ್ನು ಮೂರು ಸಲ ಎಣಿಸಿದ. ಒಮ್ಮೆ ಬಾಗಿಲ ಕಡೆಯಿಂದ, ಒಮ್ಮೆ ಗೋಡೆಯ ಕಡೆಯಿಂದ, ಒಮ್ಮೆ ಕಣ್ಣು ಮುಚ್ಚಿ ಕೈಯಿಂದ ಮುಟ್ಟಿ. ಮೂರು ಸಲವೂ ಮೂವತ್ತೊಂದೇ. ಬರಬೇಕಾದ ಅಧ್ಯಾಪಕರು ಮೂವತ್ತೆರಡು.

ಆಶ್ರಮ ನಡೆಸುತ್ತಿದ್ದ ಶಾಲೆಗಳು ಒಂಬತ್ತು. ಹೊಳೆಯ ಈಚೆಗೆ ಐದು, ಆಚೆಗೆ ನಾಲ್ಕು. ಮೀನುಗಾರರ ಕೇರಿಯ ಮಕ್ಕಳು, ತಾಂಡಾದ ಮಕ್ಕಳು, ನೇಕಾರರ ಓಣಿಯ ಮಕ್ಕಳು, ಕುರಿಗಾರರ ಹಟ್ಟಿಯ ಮಕ್ಕಳು. ಮನೆಗಳಲ್ಲಿ ಐದು ಭಾಷೆ, ಶಾಲೆಯಲ್ಲಿ ಒಂದು ಪುಸ್ತಕ.

ಇಂಥ ಮಕ್ಕಳಿಗೆ ಪಾಠ ಹೇಳುವುದು ಹೇಗೆಂದು ಅಧ್ಯಾಪಕರಿಗೆ ಏಳು ದಿನ ತರಬೇತಿ ಕೊಡಬೇಕೆಂದು ಆಶ್ರಮದ ಮಂಡಳಿ ತೀರ್ಮಾನಿಸಿತ್ತು. ಶಿಬಿರದ ಹೆಸರು ‘ಬಹುಸಂಸ್ಕೃತಿಯ ಬೋಧನೆ ಮತ್ತು ಪಠ್ಯಕ್ರಮ’. ಅದನ್ನು ಬರೆಯಲು ಒಂದು ಬಟ್ಟೆ ಸಾಲದೆ ಎರಡನ್ನು ಸೇರಿಸಿ ಹೊಲಿಸಬೇಕಾಯಿತು.

ಯೋಜನೆ ಚನ್ನವೀರನದು. ಹೋದ ವರ್ಷದ್ದೂ ಅವನದೇ.

ಹೋದ ವರ್ಷ ಎರಡನೆಯ ದಿನ ಹಟ್ಟಿಯ ಮಾಳಪ್ಪ ಮಾಸ್ತರರು ನಡುವೆ ಎದ್ದು ಏನೋ ಹೇಳಲು ಬಾಯಿ ತೆರೆದಿದ್ದರು. ವೇಳಾಪಟ್ಟಿಯ ಪ್ರಕಾರ ಅಧ್ಯಾಪಕರ ಮಾತಿಗೆ ಏಳನೆಯ ದಿನ ಅರ್ಧ ತಾಸು ಇದೆ ಎಂದು ಚನ್ನವೀರ ವಿನಯದಿಂದ ತಿಳಿಸಿದ್ದ. ಮಾಸ್ತರರು ಹೆಗಲ ಮೇಲೆ ವಸ್ತ್ರ ಹಾಕಿಕೊಂಡು ಹೊರಟುಹೋದರು. ಒಂದು ತಿಂಗಳಲ್ಲಿ ಹಟ್ಟಿಯ ಮಕ್ಕಳೆಲ್ಲ ಶಾಲೆ ಬಿಟ್ಟರು.

ಈಗ ಮಂಡಳಿಯಿಂದ ಪತ್ರ ಬಂದಿತ್ತು. ಶಿಬಿರ ಮುಗಿದು ಹದಿನೈದು ದಿನಗಳೊಳಗೆ ಮಕ್ಕಳು ಬಾರದಿದ್ದರೆ ಹಟ್ಟಿಯ ಶಾಲೆಯನ್ನು ಮುಚ್ಚಿ ಕಟ್ಟಡವನ್ನು ಮೇವಿನ ಉಗ್ರಾಣ ಮಾಡುವುದು. ಪತ್ರದ ಕೊನೆಯಲ್ಲಿ ಶುಭ ಹಾರೈಕೆಯೂ ಇತ್ತು.

ಚನ್ನವೀರ ಗುರುಗಳ ಬಳಿ ಓಡಿದ. ಅವರನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಅವರು ಹೊಳೆಯ ಮೆಟ್ಟಿಲ ಮೇಲೆ ಕೂತು ಹುಣಸೆಹಣ್ಣಿನಿಂದ ಬೀಜ ಬಿಡಿಸುತ್ತಿದ್ದರು.

“ಅಜ್ಜಾರ, ಒಂದು ಚಾಪಿ ಕಡಿಮಿ ಬಿದ್ದೈತ್ರಿ.”

“ಯಾರದು?”

“ಯಾರದೂ ಅಲ್ರಿ. ಮೂವತ್ತೆರಡನೇದು.”

“ಆ ಮೂವತ್ತೆರಡನೇ ಮನಷ್ಯಾ ಯಾರು?”

ಚನ್ನವೀರ ಪಟ್ಟಿ ತೆಗೆದು ನೋಡಿದ. ಕೊನೆಯ ಹೆಸರು ಮಾಳಪ್ಪ ಮಾಸ್ತರರದು. ಕಳಿಸಿದ ಪತ್ರಗಳಲ್ಲಿ ಉತ್ತರ ಬರದಿದ್ದುದೂ ಅವರೊಬ್ಬರದೇ.

“ಅವರು ಬರದಿದ್ರ ಚಾಪಿ ಬರೋಬ್ಬರಿ ಆದುವಲ್ಲ,” ಅಂದರು ಅಜ್ಜಾರು.

ಚನ್ನವೀರ ಪಟ್ಟಿ ಮಡಚಿದ. “ಹಂಗ ಅನಬ್ಯಾಡ್ರಿ. ಅವರು ಬರೂದಕ್ಕಂತನ ಎಲ್ಲಾ ಬದಲು ಮಾಡೀನಿ. ಹೋದ ಸಲ ನಾ ಬರದ ಲೆಕ್ಕದ ಪುಸ್ತಕದಾಗ ಮೀನಿನ ಮ್ಯಾಲ ಮೂರು ಲೆಕ್ಕ ಇದ್ದುವು, ಕುರಿ ಮ್ಯಾಲ ಒಂದ. ಅದಕ್ಕ ಅವರಿಗೆ ಬ್ಯಾಸರಾಗಿರಬೇಕು. ಈ ಸಲ ಕುರಿ ಮ್ಯಾಲ ಹನ್ನೊಂದು ಇಟ್ಟೀನ್ರಿ.”

ಅಜ್ಜಾರು ಕೈ ಒರೆಸಿಕೊಂಡು ಹಾಳೆ ತೆಗೆದುಕೊಂಡರು. ಗಟ್ಟಿಯಾಗಿ ಓದಿದರು.

“ಒಬ್ಬ ಕುರಿಗಾರನ ಹತ್ತಿರ ನಲವತ್ತು ಕುರಿಗಳಿದ್ದವು. ಏಳು ಸತ್ತವು. ಉಳಿದವೆಷ್ಟು?”

“ಅದು ಹೋದ ವರ್ಷದ್ದರಿ. ಮುಂದಿನವು ಹೊಸಾವು.”

“ತೊಂಬತ್ತಾರು ಕುರಿಗಳಲ್ಲಿ ಮೂರನೆಯ ಒಂದು ಭಾಗ ಹೊಳೆಯಲ್ಲಿ ಮುಳುಗಿದವು.”

“ಭಿನ್ನರಾಶಿಗೆ ಅನುಕೂಲ ಆಗತೈತಿ ಅಂತ.”

“ಬಾಳ ಸಾವು ನೋವು ಐತಲ್ಲೋ ಇದರಾಗ.”

“ಕಳೆಯುವ ಲೆಕ್ಕರಿ, ಅಜ್ಜಾರ.”

ಅಜ್ಜಾರು ಹಾಳೆಯನ್ನು ಮಡಚಿ ಮರಳಿ ಕೊಟ್ಟರು. “ಚಾಪಿ ಇಲ್ಲದಿದ್ರ ಕಂಬಳಿ ಹಾಸು. ಹಟ್ಟಿಗೆ ಹೋಗಿ ಒಂದು ತಗೊಂಡು ಬಾ.”

“ಉಗ್ರಾಣದಾಗ ಹಳೇ ಜಮಖಾನಿ ಐತ್ರಿ.”

“ಕಂಬಳಿ,” ಅಂದರು ಅಜ್ಜಾರು.

ಚನ್ನವೀರ ಹಟ್ಟಿ ಮುಟ್ಟಿದಾಗ ಹೊತ್ತು ಇಳಿದಿತ್ತು. ಕುರಿಗಳು ಮೇವು ಮುಗಿಸಿ ಮರಳುತ್ತಿದ್ದವು. ಮುಳ್ಳುಬೇಲಿಯ ಕಿಂಡಿಯಲ್ಲಿ ಒಬ್ಬ ಮುದುಕಿ ನಿಂತಿದ್ದಳು. ಮಾಳಪ್ಪ ಮಾಸ್ತರರ ತಾಯಿ, ಬೀರವ್ವ.

ದಾರಿಯುದ್ದಕ್ಕೂ ಅವನು ಮಾತು ಹೊಂದಿಸಿಕೊಂಡು ಬಂದಿದ್ದ. ಹೊಸಬರೊಡನೆ ಮಾತು ಶುರುಮಾಡುವಾಗ ಅವರ ಬದುಕಿನಲ್ಲಿ ಆಸಕ್ತಿ ತೋರಬೇಕು ಎಂದು ಅವನದೇ ಟಿಪ್ಪಣಿ ಇತ್ತು. ಮೂರನೆಯ ದಿನದ ಎರಡನೆಯ ಪಾಠ.

ಅವನು ಆಸಕ್ತಿ ತೋರಿಸಿದ. ಬೆರಳು ಮುಂದೆ ಮಾಡಿ, ಒಳಗೆ ಹೋಗುವ ಕುರಿಗಳನ್ನು ಗಟ್ಟಿಯಾಗಿ ಎಣಿಸಿದ.

“ಹದಿನೈದು, ಹದಿನಾರು, ಹದಿನೇಳು...”

ಹದಿನೆಂಟು ಹೊರಬರಲಿಲ್ಲ. ಬೀರವ್ವನ ಅಂಗೈ ಅವನ ಬಾಯಿ ಮುಚ್ಚಿತ್ತು. ಅಂಗೈಗೆ ಉಣ್ಣೆಯ ವಾಸನೆ ಇತ್ತು, ಸಾಕಷ್ಟು ಬಲವೂ ಇತ್ತು.

“ಯಾರಪಾ ನೀನು? ಯಾರ ಮ್ಯಾಲಿನ ಸಿಟ್ಟು ನನ್ನ ಕುರಿ ಮ್ಯಾಲ ತೀರಸಾಕ ಬಂದಿ?”

“ಆಶ್ರಮದಿಂದ ಬಂದೀನ್ರಿ, ಯವ್ವಾ.”

“ಆಶ್ರಮದಾಗ ಇದನ್ನ ಕಲಸ್ತಾರೇನು?”

ಕಲಿಸುತ್ತಿದ್ದುದು ಅದನ್ನೇ ಆದ್ದರಿಂದ ಅವನು ಬೆರಳು ಮಡಚಿಕೊಂಡ.

“ನಾವು ಎಣಸೂದಿಲ್ಲ,” ಅಂದಳು ಬೀರವ್ವ. “ಎಣಿಸಿದ್ದು ನಿಲ್ಲೂದಿಲ್ಲ. ನಮ್ಮ ಹಟ್ಟಿಯಾಗ ಹುಟ್ಟಿದ ಕೂಸಿಗೂ ಗೊತ್ತೈತಿ ಅದು.”

“ಎಣಿಸದಿದ್ರ, ಒಂದು ಕಳದ್ರ ಹೆಂಗ ಗೊತ್ತಾಗತೈತ್ರಿ?”

ಅವಳು ಅವನನ್ನು ಮರುಕದಿಂದ ನೋಡಿದಳು. ಆಮೇಲೆ ತಿರುಗಿ ಹಿಂಡಿನ ಮೇಲೆ ಒಮ್ಮೆ ಕಣ್ಣಾಡಿಸಿದಳು.

“ಕುಂಟಿ ಬಂದಿಲ್ಲ. ಕುಂಟಿ ಬರಲಿಲ್ಲಂದ್ರ ಹರಕಗಿವೀನೂ ಬಂದಿಲ್ಲ, ಅದು ಅಕಿನ್ನ ಬಿಟ್ಟು ಬರೂದಲ್ಲ. ಮಾಳ್ಯಾ, ಹಳ್ಳದ ಕಡೆ ನೋಡಿ ಬಾ.”

ಮಾಳಪ್ಪ ಮಾಸ್ತರರು ಗುಡಿಸಲಿನಿಂದ ಬಂದು, ಚನ್ನವೀರನ ಕಡೆ ನೋಡದೆ ಹಳ್ಳದ ಕಡೆ ನಡೆದರು. ಸ್ವಲ್ಪ ಹೊತ್ತಿಗೆ ಮರಳಿದರು. ಹೆಗಲ ಮೇಲೆ ಒಂದು ಕುರಿ. ಹಿಂದೆ ಕಿವಿ ಹರಿದ ಇನ್ನೊಂದು.

“ಆ ಲೆಕ್ಕದ ಪುಸ್ತಕ ಬರದವ ನೀನ ಏನು?” ಬೀರವ್ವ ಕೇಳಿದಳು.

ಚನ್ನವೀರ ಹೌದೆಂದು ತಲೆಯಾಡಿಸಿದ.

“ನನ್ನ ಮೊಮ್ಮಗಳು ಮನೀಗೆ ತಂದಿದ್ಲು. ‘ಆಯಿ, ನನಗ ಓದಾಕ ಬರತೈತಿ, ಕೇಳು’ ಅಂದ್ಲು. ನಮ್ಮ ಮನೆತನದಾಗ ಓದಿದ ಹೆಣ್ಣು ಅಕೀನ ಮೊದಲು. ಹಿಗ್ಗಿ ಮುಂದ ಕುಂತು ಕೇಳಿದೆ. ಅಕಿ ಓದಿದ್ಲು. ಕುರಿಗಾರನ ಹಂತ್ಯಾಕ ನಲವತ್ತು ಕುರಿ, ಏಳು ಸತ್ತುವು. ಓದಿ ಮುಗಿಸಿ ಅಳಾಕ ಹತ್ತಿದ್ಲು. ‘ಯಾವ ಏಳು ಆಯಿ?’ ಅಂತ. ನಾ ಏನ ಹೇಳಲಿ? ಪುಸ್ತಕದಾಗ ಬರದಿರಲಿಲ್ಲ.”

ಕುರಿಗಳ ಕೊರಳಗಂಟೆ ಒಂದೆರಡು ಸಲ ಸದ್ದಾಯಿತು.

“ಅದ ತಿಂಗಳ ರೋಗ ಬಂತು,” ಅಂದಳು ಬೀರವ್ವ. “ಎಷ್ಟು ಸತ್ತುವು ಅಂತ ನಾವು ಎಣಸಲಿಲ್ಲ. ಆ ಪುಸ್ತಕ ಇರೋ ಸಾಲಿಗೆ ಮಕ್ಕಳನ್ನ ಕಳಸಬ್ಯಾಡ ಅಂತ ಹಟ್ಟಿ ಎಲ್ಲಾ ಅಂತು.”

ಚನ್ನವೀರನ ಚೀಲದಲ್ಲಿ ಹನ್ನೊಂದು ಲೆಕ್ಕಗಳಿದ್ದವು. ಅವನು ಚೀಲವನ್ನು ಬೆನ್ನ ಹಿಂದೆ ಸರಿಸಿಕೊಂಡ.

“ಒಂದು ಕಂಬಳಿ ಬೇಕಿತ್ರಿ, ಯವ್ವಾ. ಮಾಸ್ತರರು ಬಂದ್ರ ಕುಂದ್ರಾಕ.”

“ಕಂಬಳಿಗೇನು, ನೇಯ್ದದ್ದು ಬೇಕಾದಷ್ಟು ಐತಿ. ಕೂಡೋ ಮನಷ್ಯಾನ್ನ ಕೇಳು.”

ಮಾಳಪ್ಪ ಮಾಸ್ತರರು ಕುಂಟಿಯ ಕಾಲಿನಿಂದ ಮುಳ್ಳು ತೆಗೆಯುತ್ತಿದ್ದರು. ತಲೆ ಎತ್ತದೆ ಕೇಳಿದರು. “ಅಲ್ಲಿ ನನ್ನ ಕೆಲಸ ಏನ್ರಿ?”

ಚನ್ನವೀರ ವೇಳಾಪಟ್ಟಿಯನ್ನು ನೆನಪಿಸಿಕೊಂಡ. ಸುಳ್ಳು ಹೇಳುವ ಅಭ್ಯಾಸ ಅವನಿಗಿರಲಿಲ್ಲ. “ಕುಂದ್ರೂದ್ರಿ.”

“ಕುಂದ್ರಾಕ ಇಲ್ಲೇ ಕಲ್ಲೈತಿ,” ಅಂದರು ಮಾಸ್ತರರು.

ಕಂಬಳಿಯಿಲ್ಲದೆ ಮರಳಿದ ಚನ್ನವೀರ ಮರುದಿನವಿಡೀ ಲೆಕ್ಕಗಳನ್ನು ಹೊಡೆದುಹಾಕಿದ. ಮೊದಲು ಕುರಿಗಳು ಹೋದವು. ಆಮೇಲೆ, ಮೀನುಗಾರರ ಮನಸ್ಸಿನಲ್ಲಿ ಏನಿದೆಯೋ ಎಂದು ಮೀನುಗಳು ಹೋದವು. ನೇಕಾರರ ನೂಲು, ತಾಂಡಾದ ಕನ್ನಡಿ ಚೂರು, ಕೊನೆಗೆ ಯಾರಿಗೂ ಸೇರದ ಮಾವಿನಹಣ್ಣುಗಳೂ ಹೋದವು.

ಸಂಜೆ ಹಾಳೆಯನ್ನು ಅಜ್ಜಾರಿಗೆ ತೋರಿಸಿದ. ಮಧ್ಯದಲ್ಲಿ ಒಂದು ಸೊನ್ನೆ ಉಳಿದಿತ್ತು.

“ಇದು ಯಾಕ ಉಳೀತು?”

“ಇದಕ್ಕ ಯಾರಿಗೂ ನೋವಾಗಲಿಕ್ಕಿಲ್ಲಂತ ಅನಸ್ತೈತ್ರಿ.” ಸ್ವಲ್ಪ ತಡೆದು ಕೇಳಿದ. “ಆಗತೈತೇನ್ರಿ?”

ಅಜ್ಜಾರು ಕೈ ಚಾಚಿದರು. “ಆ ವೇಳಾಪಟ್ಟಿ ಕೊಡು. ಇದರಾಗ ಮಾಳಪ್ಪನ ಹೆಸರು ಎಲ್ಲೈತಿ?”

“ಕೂಡುವವರ ಪಟ್ಟಿಯಾಗ.”

“ನಿನ್ನ ಹೆಸರು?”

“ಹೇಳುವವರ ಪಟ್ಟಿಯಾಗ.”

“ಹಟ್ಟಿಯೊಳಗ ನೀ ಏನೇನು ಹೇಳಿದಿ?”

ಚನ್ನವೀರ ಯೋಚಿಸಿದ. “ಒಂದರಿಂದ ಹದಿನೇಳರ ಮಟ ಹೇಳಿದೆರಿ.”

ಅಜ್ಜಾರು ವೇಳಾಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ಪೊಟ್ಟಣ ಕಟ್ಟಿದರು. ಬಿಡಿಸಿಟ್ಟ ಹುಣಸೆಬೀಜಗಳನ್ನು ಅದರೊಳಗೆ ಸುರಿದರು. ಏಳು ದಿನಗಳ ಕಾರ್ಯಕ್ರಮಕ್ಕೆ ಸುಮಾರು ಕಾಲು ಸೇರು ಬೀಜ ಹಿಡಿಸಿತು.

“ಮತ್ತ ಹಟ್ಟಿಗೆ ಹೋಗು. ಶಿಬಿರದಾಗ ದಿನಾ ಹಾಜರಿ ಮಾಳಪ್ಪ ಮಾಸ್ತರ ತಗೋತಾರ ಅಂತ ಹೇಳು. ಎಣಸದಂಗ.”

ಚನ್ನವೀರ ಹೋಗಿ ಹೇಳಿದ. ಮಾಳಪ್ಪ ಮಾಸ್ತರರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಬೀರವ್ವ ಮಜ್ಜಿಗೆ ಕೊಟ್ಟಳು. ಮಜ್ಜಿಗೆಯನ್ನು ಒಪ್ಪಿಗೆ ಎಂದು ತಿಳಿಯಬಹುದೇ ಎಂದು ಅವನು ದಾರಿಯುದ್ದಕ್ಕೂ ಯೋಚಿಸಿದ. ಉಳಿದ ದಿನಗಳಲ್ಲೂ ಅದನ್ನೇ ಯೋಚಿಸಿದ.

ಶಿಬಿರದ ದಿನ ಬಂತು. ಹೊಳೆಯಾಚೆಯಿಂದ ಹದಿನಾಲ್ಕು ಜನರನ್ನು ಕರೆತರಲು ಅಂಬಿಗರ ಹುಲಿಗೆಪ್ಪನಿಗೆ ಮೊದಲೇ ಹೇಳಿಯಾಗಿತ್ತು. ಹರಿಗೋಲು ಮೂರು ಸಲ ಹೋಗಿ ಬಂತು. ಸಭಾಂಗಣ ತುಂಬಿತು.

ಚನ್ನವೀರ ಬಾಗಿಲಲ್ಲಿ ನಿಂತು, ತುಟಿ ಅಲುಗದಂತೆ, ಬಾಗಿಲಿನಿಂದ ಗೋಡೆಯವರೆಗೆ ತಲೆಗಳನ್ನಷ್ಟೇ ಒಳಗೊಳಗೇ ಎಣಿಸಿದ. ಮೂವತ್ತೊಂದು. ಮುಂದಿನ ಸಾಲಿನಲ್ಲಿ ಒಂದು ಚಾಪೆ ಖಾಲಿ.

ಮಾಳಪ್ಪ ಮಾಸ್ತರರು ಬಂದಿಲ್ಲ. ಹಟ್ಟಿಯ ಶಾಲೆಯಲ್ಲಿ ಮೇವು ಒಟ್ಟಿದ ಹಾಗೆಯೇ ಅವನಿಗೆ ಕಂಡಿತು.

“ದಾರಿ ಬಿಡ್ರಿ ಸ್ವಲ್ಪ, ಗಾಳಿ ಬರವಲ್ದು,” ಎಂದು ಕಾಲ ಬಳಿ ಯಾರೋ ಹೇಳಿದರು.

ಕೆಳಗೆ ನೋಡಿದ. ಬಾಗಿಲ ಪಕ್ಕದಲ್ಲಿ ಕರಿಕಂಬಳಿ ಹಾಸಿಕೊಂಡು ಮಾಳಪ್ಪ ಮಾಸ್ತರರು ಕೂತಿದ್ದರು.

ಚನ್ನವೀರನಿಗೆ ಸಂತೋಷವಾಯಿತು. ಅದು ಹೆಚ್ಚು ಹೊತ್ತು ಬಾಳಲಿಲ್ಲ. ಮಾಸ್ತರರು ಇಲ್ಲಿದ್ದಾರೆ. ಹಾಗಾದರೆ ಖಾಲಿ ಚಾಪೆ ಯಾರದು? ಅವನು ಮುಖಗಳನ್ನು ನೋಡಿದ. ಎರಡು ವರ್ಷಗಳಿಂದ ಇವರಿಗಾಗಿಯೇ ಯೋಜನೆ ಮಾಡುತ್ತ ಬಂದಿದ್ದ. ಯಾರು ಇಲ್ಲವೆಂದು ಹೇಳಲು ಅವನಿಂದಾಗಲಿಲ್ಲ.

“ಮಾಳಪ್ಪ ಮಾಸ್ತರ,” ಒಳಗಿನಿಂದ ಅಜ್ಜಾರು ಕೂಗಿದರು. “ಹಾಜರಿ ಆಗಲಿ.”

ಮಾಸ್ತರರು ಎದ್ದು ನಿಂತು, ಸಭೆಯ ಮೇಲೆ ಒಮ್ಮೆ ಕಣ್ಣಾಡಿಸಿದರು.

“ತಾಂಡಾದ ಸೋನಾಬಾಯಾರು ಬಂದಿಲ್ರಿ. ನಗೂ ಮುಂದ ಸೆರಗಿನಿಂದ ಬಾಯಿ ಮುಚ್ಚಿಕೋತಾರ, ಅವರು. ಅವರಿಗೆ ನೀರಂದ್ರ ಅಂಜಿಕಿ. ಎಲ್ಲಾರೂ ಹತ್ತಲಿ, ಆಮ್ಯಾಲ ನೋಡೂಣಂತ ಹಿಂದ ನಿಂತಿರ್ತಾರ. ಆಚೆ ದಂಡಿಯಾಗ ಅದಾರ.”

ಮಾಸ್ತರರು ಸೋನಾಬಾಯಿಯನ್ನು ನೋಡಿದ್ದು ಹೋದ ವರ್ಷ ಒಂದೂವರೆ ದಿನ ಮಾತ್ರ. ಚನ್ನವೀರನ ಪಟ್ಟಿಯಲ್ಲಿ ಆಕೆ ಹತ್ತೊಂಬತ್ತನೆಯವರು.

ಹುಲಿಗೆಪ್ಪನನ್ನು ಕರೆಸಿದರು. ಅವನಿಗೆ ಸಿಟ್ಟು ಬಂತು. “ಹದಿನಾಲ್ಕು ಮಂದಿ ಅಂದ್ರಿ, ಹದಿನಾಲ್ಕು ತಂದೀನಿ. ಎಣಿಸಿ ತಂದೀನಿ!”

ಹದಿನಾಲ್ಕನೆಯವನು ಒಬ್ಬ ಬಳೆಗಾರ. ಅವನು ಅಡಿಗೆಮನೆಯಲ್ಲಿ ಶಿಬಿರಾರ್ಥಿಗಳ ಉಪ್ಪಿಟ್ಟು ತಿನ್ನುತ್ತಿದ್ದ.

ಹರಿಗೋಲು ನಾಲ್ಕನೆಯ ಸಲ ಹೋಯಿತು. ಮಾಳಪ್ಪ ಮಾಸ್ತರರೂ ಜೊತೆಗೆ ಹೋದರು. ಸೋನಾಬಾಯಿ ಬಂದು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕು, ಖಾಲಿ ಚಾಪೆಯ ಮೇಲೆ ಕೂತರು.

ಆ ಏಳು ದಿನ ಚನ್ನವೀರ ಹಿಂದೆ ಗೋಡೆಗೆ ಒರಗಿ ಕೂತು ಬರೆದುಕೊಂಡ. ತಂತಮ್ಮ ಊರಿನಲ್ಲಿ ಯಾವುದನ್ನು ಬಾಯಿಬಿಟ್ಟು ಹೇಳುವುದಿಲ್ಲ ಎಂಬುದನ್ನು ಅಧ್ಯಾಪಕರು ಒಬ್ಬೊಬ್ಬರಾಗಿ ಹೇಳಿದರು. ನೇಕಾರರ ಓಣಿಯಲ್ಲಿ ಮಗ್ಗದ ನೂಲು ಹರಿಯಿತು ಎನ್ನುವುದಿಲ್ಲ ಎಂದು ಮೂರನೆಯ ದಿನ ಗೊತ್ತಾಯಿತು. ಪುಸ್ತಕದಲ್ಲಿ ಅದು ಹದಿನೆಂಟು ಕಡೆ ಹರಿದಿತ್ತು. ಏಳನೆಯ ದಿನ ಆ ಪುಸ್ತಕವನ್ನು ಒಂಬತ್ತೂ ಶಾಲೆಗಳಿಂದ ಹಿಂದಕ್ಕೆ ತರಿಸುವುದೆಂದು ಆಯಿತು.

ಎಂಟನೆಯ ದಿನ ಮಾಳಪ್ಪ ಮಾಸ್ತರರು ಕಂಬಳಿ ಮಡಚಿಕೊಂಡು ಹಟ್ಟಿಗೆ ಹೋದರು.

ಶಿಬಿರ ಮುಗಿದ ಹದಿನೈದನೆಯ ದಿನ ಮಂಡಳಿಯ ನಮೂನೆ ಬಂತು. ಚನ್ನವೀರ ಬೆಳಿಗ್ಗೆಯೇ ಹಟ್ಟಿಗೆ ಹೋಗಿ ಮಧ್ಯಾಹ್ನ ಮರಳಿದ. ನಮೂನೆ ಹಿಡಿದು ಅಜ್ಜಾರ ಮುಂದೆ ನಿಂತ.

“ಹಾಜರಿರುವ ಮಕ್ಕಳ ಸಂಖ್ಯೆ ಅಂತ ಐತ್ರಿ. ಏನ ಬರೀಲಿ?”

“ಹೋಗಿ ನೋಡಲಿಲ್ಲೇನು?”

“ನೋಡಿದೆರಿ. ಬೀರವ್ವನ ಮೊಮ್ಮಗಳು ಕಿಡಕಿ ಹಂತ್ಯಾಕ ಕುಂತಿದ್ಲು. ಅಕಿ ಬಾಜು ಎಡಗೈಲೆ ಬರಿಯೋ ಹುಡುಗ. ತಮ್ಮನ್ನ ಬಗಲಾಗ ಇಟಗೊಂಡು ಬರೋ ಹುಡುಗಿ. ಅಕಿ ತಮ್ಮನೂ ಬಳಪ ಹಿಡದಿದ್ದ, ತಿಂತಿದ್ದ. ಮಾತಾಡೂ ಮುಂದ ಕಣ್ಣು ಮುಚ್ಚೋ ಅವಳಿ ಜವಳಿ, ಇಬ್ರೂ...”

ಅವನು ಹೇಳುತ್ತಾ ಹೋದ. ಅಜ್ಜಾರು ಹುಣಸೆಹಣ್ಣು ಬಿಡಿಸುತ್ತಾ ಕೇಳಿದರು. ಹೇಳಿ ಮುಗಿಯುವ ಹೊತ್ತಿಗೆ ನೆರಳು ಎರಡು ಮೆಟ್ಟಿಲು ಇಳಿದಿತ್ತು.

“ಯಾರರೆ ಉಳದಾರೇನು?”

ಚನ್ನವೀರ ಕಣ್ಣು ಮುಚ್ಚಿದ. ಹಟ್ಟಿಯ ಗುಡಿಸಲುಗಳ ಮುಂದೆ ಒಂದೊಂದಾಗಿ ಹಾದುಹೋದ.

“ಇಲ್ರಿ.”

“ಎಲ್ಲಾರೂ ಬಂದಾರ ಅಂತ ಬರಿ,” ಅಂದರು ಅಜ್ಜಾರು.